ಮಳೆಪುಸ್ತಕ ಗುಜರಿಗೆ, ಬಿಲ್ ನಮಗೆ

ಹಳೇ ಪೇಪರ್ ಕೆ.ಜಿ.ಗೆ ಹನ್ನೆರಡು ರೂಪಾಯಿ. ಇಪ್ಪತ್ತೈದು ವರ್ಷದ ಮಳೆ ಹೋದದ್ದು ಆ ರೇಟಿಗೆ.

ಹೇಳಿದವರು ಗೇಟಿನ ಕಾವಲಿನವರು. ಹಳಬರಲ್ಲಿ ಉಳಿದಿರುವುದು ಅವರೊಬ್ಬರೇ. 'ಟೀಚರಮ್ಮ, ಆ ಉದ್ದ ಪುಸ್ತಕ ಎಲ್ಲಾ ಗುಜರಿ ಆಟೋಗೆ ಹಾಕ್ಸಿದ್ರು. ನಾನೇ ಎತ್ತಿ ಕೊಟ್ಟಿದ್ದು. ಹಾಕು ಅಂದ್ರು, ಹಾಕ್ದೆ' ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಕು ಅಂದವರ ಮೇಲಿದೆ.

ತಪ್ಪು ಶುರುವಾದದ್ದು ನನ್ನಿಂದಲೇ, ಅದನ್ನೂ ಹೇಳಿಬಿಡುತ್ತೇನೆ. 1997ರ ದಸರೆಯಲ್ಲಿ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋದಾಗ ಒಂದು ಕೂಪನ್ ತುಂಬಿ ಡಬ್ಬಿಗೆ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಫೋನು. ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು, ಒಬ್ಬರೇ ಬಂದರೆ ಕೊಡುವುದಿಲ್ಲ. ಹೋದೆವು. ಹೋಟೆಲಿನ ಹಾಲ್‌ನಲ್ಲಿ ಕೂರಿಸಿ, ಸಮೋಸ ಕೊಟ್ಟು, ಟೈ ಕಟ್ಟಿದ ಹುಡುಗನೊಬ್ಬ ಎರಡೂವರೆ ಗಂಟೆ ಮಾತಾಡಿದ. 'ವರ್ಷಾ ವರ್ಷಾ ಬಾಡಿಗೆ ಕಟ್ಟಿ ಹೋಟೆಲಿನವರನ್ನ ಉದ್ಧಾರ ಮಾಡೋದ್ಯಾಕೆ ಮೇಡಂ, ನೀವೇ ಓನರ್ ಆಗಿ.' ಆ ಮಾತು ಅವನದಲ್ಲ ಅಂತ ಆಮೇಲೆ ಗೊತ್ತಾಯಿತು. 1967ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸೂಪರ್‌ದೆವೊಲುಯ್‌ನಲ್ಲಿ ಕೋಣೆಗಳನ್ನು ವಾರದ ಲೆಕ್ಕದಲ್ಲಿ ಮಾರಿದವರೂ ಇದೇ ವರಸೆ ತೆಗೆದಿದ್ದರಂತೆ. ನಮ್ಮ ಕಿವಿಗೆ ಬೀಳಲು ಮೂವತ್ತು ವರ್ಷ ಹಿಡಿಯಿತು, ಅಷ್ಟೇ. ನಮ್ಮ ಯಜಮಾನರು ಪಿ.ಎಫ್. ಸಾಲ ತೆಗೆದರು. ಅರವತ್ತೈದು ಸಾವಿರ. ಮೂವತ್ತಮೂರು ವರ್ಷ, ವರ್ಷಕ್ಕೊಂದು ವಾರ, ಕೊಡಗಿನ ಒಂದು ಗುಡ್ಡದ ಮೇಲೆ ಒಂದು ಕಾಟೇಜು. ಬಹುಮಾನದ ಟೀ ಸೆಟ್ಟಿನಲ್ಲಿ ಎರಡು ಕಪ್ಪಿಗೆ ಮೊದಲೇ ಸೀಳು ಬಿಟ್ಟಿತ್ತು. ಲೆಕ್ಕದ ಟೀಚರು ನಾನು. ಆ ಸೀಳನ್ನಾದರೂ ನೋಡಿ ಲೆಕ್ಕ ಹಾಕಬೇಕಿತ್ತು.

ಆದರೆ ಮೋಸವಾಯಿತು ಅಂತ ಅನಿಸಲಿಲ್ಲ. ಜಾಗ ಅಂಥದು. ನಮ್ಮದು ಹತ್ತೊಂಬತ್ತನೇ ವಾರ, ಅಂದರೆ ಮೇ ತಿಂಗಳ ಎರಡನೇ ವಾರ; ಮಕ್ಕಳಿಗೆ ರಜೆ, ನನಗೂ ರಜೆ. ಮಡಿಕೇರಿ ದಾಟಿ, ಕಾಫಿ ತೋಟದ ನಡುವಿನ ರಸ್ತೆಯಲ್ಲಿ ಹೋದರೆ ಒಂದು ತೋಡು, ಅದರ ಮೇಲೆ ಎರಡು ಕಲ್ಲುಚಪ್ಪಡಿಯ ಸೇತುವೆ, ಆಚೆಗೆ ಹನ್ನೆರಡು ಕಾಟೇಜು. ಹಳೇ ಆಡಳಿತದವರೇನೂ ದೇವರಲ್ಲ. ಬಿಸಿನೀರು ಬೆಳಿಗ್ಗೆ ಏಳಕ್ಕೆ ಬರುತ್ತೆ ಅಂದರೆ ಎಂಟೂವರೆಗೆ ಬರುತ್ತಿತ್ತು. ಎರಡನೇ ನಂಬರ್ ಕಾಟೇಜಿನ ಹೆಂಚು ಎರಡು ವರ್ಷ ಸೋರಿತು. ಬೈದಿದ್ದೇವೆ, ಜಗಳವಾಡಿದ್ದೇವೆ. ಆದರೂ ಅವರಿಗೆ ತಾವು ಎಲ್ಲಿ ಕೂತಿದ್ದೇವೆ ಅನ್ನುವುದು ಗೊತ್ತಿತ್ತು.

ಆಫೀಸಿನ ಮುಂದಿನ ಹುಲ್ಲಿನ ಮೇಲೆ ಒಂದು ಮಳೆಮಾಪಕ ಇತ್ತು. ತಾಮ್ರದ್ದು, ಐದು ಇಂಚಿನ ಬಾಯಿ. ಮೊದಲನೇ ಮ್ಯಾನೇಜರ್ ತೋಟದ ಮನೆಯವರು. ಕೊಡಗಿನ ಯಾವ ತೋಟಗಾರರ ಮನೆಯಲ್ಲಾದರೂ ಕಾಣುವ ಅಭ್ಯಾಸವನ್ನೇ ಇಲ್ಲಿಗೂ ತಂದಿದ್ದರು. ಬೆಳಿಗ್ಗೆ ಎಂಟಕ್ಕೆ ಜಾಡಿಯಲ್ಲಿ ಅಳೆದು, ಇಂಚು-ಸೆಂಟಿನ ಲೆಕ್ಕದಲ್ಲಿ ರಿಜಿಸ್ಟರಿಗೆ ಬರೆಯುವುದು. ಆ ವಾರ ಇಳಿದುಕೊಂಡವರ ಮಕ್ಕಳಿಗೆ ಆ ಕೆಲಸ. ನನ್ನ ಮಗ ದಶಮಾಂಶ ಕಲಿತದ್ದು ಅಲ್ಲಿ, ನಾನು ಕಲಿಸಿದ್ದರಿಂದಲ್ಲ. ಪಕ್ಕದ ಕಾಲಂನಲ್ಲಿ ಯಾರು ಏನು ಬೇಕಾದರೂ ಬರೆಯಬಹುದಿತ್ತು: ಮಂಗಟ್ಟೆ ಹಕ್ಕಿ ಎರಡು ಕಂಡವು, ಹೊಳೆ ಕಡೆ ಆನೆ ಲದ್ದಿ, ರಾತ್ರಿ ಕರೆಂಟಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಅಕ್ಕಪಕ್ಕದ ತೋಟದವರೇ ಬಂದು ಹಾಳೆ ತಿರುವಿ ನೋಡುತ್ತಿದ್ದರು. ಹೂಮಳೆ ಇಂಚು ಮುಟ್ಟಿತೋ ಇಲ್ಲವೋ, ಹಿಂದಿನ ವರ್ಷ ಯಾವ ತಾರೀಕಿಗೆ ಬಿದ್ದಿತ್ತು, ಸ್ಪ್ರಿಂಕ್ಲರ್ ಹಾಕಬೇಕೋ ಕಾಯಬೇಕೋ. ಒಂದು ರಿಜಿಸ್ಟರ್ ನಂಬಿ ಒಂದು ವರ್ಷದ ಫಸಲಿನ ತೀರ್ಮಾನ ಮಾಡುವವರಿದ್ದರು.

2018ರ ಆಗಸ್ಟಿನ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮುಂದಿನ ಮೇ ತಿಂಗಳಲ್ಲಿ ಹೋದಾಗ ನೋಡಿದ್ದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮನೆ ಸಮೇತ ಜಾರಿದ ದಿನಗಳು ಅವು. ಯಾರದೋ ಅವಸರದ ಅಕ್ಷರದಲ್ಲಿ, 'ಜಾಡಿ ಮತ್ತೆ ಮತ್ತೆ ಖಾಲಿ ಮಾಡಿದೆ. ಲೆಕ್ಕ ತಪ್ಪಿರಬಹುದು. ತೋಡು ಸೇತುವೆ ಮೇಲೆ ಹರಿಯುತ್ತಿದೆ.' ಇಷ್ಟೇ. ಆ ತೋಡಿಗೆ ಎಷ್ಟು ಜಾಗ ಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇಕಿರಲಿಲ್ಲ.

ಆ ಪುಟವೂ ಹನ್ನೆರಡು ರೂಪಾಯಿಯ ರಾಶಿಯಲ್ಲಿ ಹೋಯಿತು.

ಆಡಳಿತ ಬದಲಾಗಿದೆ ಎಂಬ ಪತ್ರ ಬಂದದ್ದು ಇ-ಮೇಲ್‌ನಲ್ಲಿ. 'ನಿಮಗೆ ತಿಳಿಸಲು ಸಂತೋಷಪಡುತ್ತೇವೆ' ಅಂತ ಶುರು. ಹೊಸ ಹೆಸರು, ಹೊಸ ಲೋಗೋ, ಹೊಸ ಆಪ್. ಸಂಸ್ಥೆಗಳು ಕೈ ಬದಲಾಯಿಸುವುದೇ ಅಪರಾಧ ಅನ್ನುವ ದಡ್ಡಿ ನಾನಲ್ಲ. 1986ರಲ್ಲಿ ಶುರುವಾದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸನ್ನು 2014ರಲ್ಲಿ ಥಾಮಸ್ ಕುಕ್ ಇಂಡಿಯಾ ತೆಗೆದುಕೊಳ್ಳುವುದಾಗಿ ಹೇಳಿದ್ದು ಪೇಪರಿನಲ್ಲೇ ಬಂದಿತ್ತು. ವ್ಯಾಪಾರದಲ್ಲಿ ಅದು ನಡೆಯುತ್ತದೆ. ನಮ್ಮದು ಅಷ್ಟು ದೊಡ್ಡ ಹೆಸರಿನ ಕಂಪನಿಯೂ ಅಲ್ಲ. ನನ್ನ ತಕರಾರು ಕೈ ಬದಲಾದದ್ದಕ್ಕಲ್ಲ, ಬಂದ ಕೈ ಮೊದಲು ಹಿಡಿದದ್ದು ಜೆಸಿಬಿಯ ಲಿವರನ್ನು ಅನ್ನುವುದಕ್ಕೆ.

ಮೊದಲು ಹಲಸಿನ ಮರ ಹೋಯಿತು. ಸೇತುವೆ ಪಕ್ಕದ್ದು, ಇಬ್ಬರು ಕೈ ಹಿಡಿದು ತಬ್ಬಬೇಕು. ಮರ ಕಡಿಯಲು ಅನುಮತಿ ಚೀಟಿ ಎಲ್ಲಿ ಎಂದು ಹೊಸ ಮ್ಯಾನೇಜರನ್ನು ಕೇಳಿದೆ. 1976ರಲ್ಲೇ ಈ ರಾಜ್ಯದಲ್ಲಿ ಮರ ಸಂರಕ್ಷಣೆಗೆ ಕಾಯ್ದೆ ಬಂದಿದೆಯಲ್ಲಪ್ಪ ಎಂದೆ. 'ಹಣ್ಣು ಬಿದ್ದು ಗೆಸ್ಟ್‌ಗಳಿಗೆ ನೊಣದ ಕಂಪ್ಲೇಂಟ್ ಇತ್ತು ಮ್ಯಾಮ್' ಅಂದ. ಕೇಳಿದ್ದು ಒಂದು, ಹೇಳಿದ್ದು ಒಂದು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ ಹಾಕುತ್ತಿದ್ದೆ.

ಆಮೇಲೆ ತೋಡು. ಗುಡ್ಡದ ಬದಿ ಕಡಿದು ಸಮ ಮಾಡಿ, ಕಡಿದ ಮಣ್ಣನ್ನೆಲ್ಲ ತೋಡಿಗೆ ತುಂಬಿ, ಅದರ ಮೇಲೆ ಈಜುಕೊಳ. ಅಂಚಿಲ್ಲದ ಹಾಗೆ ಕಾಣುವ ಕೊಳ ಅದು, ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ತೋಡಿನ ನೀರಿಗೆ ಒಂದೂವರೆ ಅಡಿ ಅಗಲದ ಸಿಮೆಂಟ್ ಪೈಪು. ಒಂದೂವರೆ ಅಡಿ! 2018ರ ಅನಾಹುತವಾದ ಮೇಲೆ ಬಂದು ನೋಡಿದ ಭೂವಿಜ್ಞಾನಿಗಳೂ ಮನುಷ್ಯರು ಇಳಿಜಾರು ಕಡಿದದ್ದನ್ನು ಕಾರಣಗಳಲ್ಲಿ ಬರೆದರು. ಇವರು ಅದನ್ನು ಓದಬೇಕಿರಲಿಲ್ಲ. ತಮ್ಮದೇ ಕೌಂಟರಿನ ಕೆಳಗಿದ್ದ ರಿಜಿಸ್ಟರ್ ತೆಗೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ, ಮಾರಿದರು. ಗೊತ್ತಿದ್ದು ಕೆಡಿಸುವವರ ಹತ್ತಿರ ಜಗಳವನ್ನಾದರೂ ಆಡಬಹುದು; ಏನು ಕೆಡಿಸುತ್ತಿದ್ದೇವೆ ಎಂದು ತಿರುಗಿ ನೋಡುವ ವ್ಯವಧಾನವೂ ಇಲ್ಲದವರ ಹತ್ತಿರ ಏನು ಮಾತಾಡುವುದು?

ಅಡುಗೆಮನೆಯ ಅಕ್ಕನನ್ನು ಮನೆಗೆ ಕಳಿಸಿದರು. ಕಡುಬು, ಬಿದಿರುಕಳಲೆ ಪಲ್ಯ ಹೋಯಿತು. ಈಗ ಬಫೆಯಲ್ಲಿ ಪನೀರು, ಪಾಸ್ತಾ.

ಇನ್ನೊಂದು ನಾಶ ಇದೆ, ಅದು ಫೋಟೋದಲ್ಲಿ ಕಾಣುವುದಿಲ್ಲ. ಹತ್ತೊಂಬತ್ತನೇ ವಾರ ಅನ್ನುವುದನ್ನೇ ತೆಗೆದರು. ಇನ್ನು ಮೇಲೆ 'ಪಾಯಿಂಟ್ಸ್'. ನಿಮ್ಮ ವಾರಕ್ಕೆ ಇಷ್ಟು ಪಾಯಿಂಟು, ಯಾವಾಗ ಬೇಕಾದರೂ ಬನ್ನಿ, ಖಾಲಿ ಇದ್ದರೆ ಕೊಡುತ್ತೇವೆ. ಮೇ ತಿಂಗಳಿಗೆ ಮಾತ್ರ ನಮ್ಮ ಪಾಯಿಂಟು ಸಾಲುವುದಿಲ್ಲ; ಸಾಲಬೇಕಾದರೆ ಒಂದೂವರೆ ಲಕ್ಷ ಕಟ್ಟಿ ಮೇಲ್ದರ್ಜೆಗೆ ಏರಬೇಕು. ದುಡ್ಡಿನ ಮಾತು ಹಾಗಿರಲಿ. ಪ್ರತಿ ವರ್ಷ ಅದೇ ವಾರ ಅಂದರೆ ಪ್ರತಿ ವರ್ಷ ಅದೇ ಜನ. ಹಾಸನದ ಡಾಕ್ಟರ ಮನೆಯವರು, ಮಂಗಳೂರಿನ ಬ್ಯಾಂಕಿನವರು, ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದ ಅಕ್ಕತಂಗಿಯರು. ವಾರದ ನೆಂಟರು ನಾವು. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಿದ್ದೇವೆ. ಈಗ ಪಾಯಿಂಟಿನ ಗಾಳಿಗೆ ತರಗೆಲೆಯ ಹಾಗೆ ಎತ್ತೆತ್ತಲೋ ಹಾರಿಹೋದೆವು. ಸದಸ್ಯರೆಲ್ಲ ಸೇರಿ ಸಂಘ ಕಟ್ಟೋಣ, ಪಟ್ಟಿ ಕೊಡಿ ಅಂದರೆ ಸದಸ್ಯರ ಖಾಸಗಿತನ ಕಾಪಾಡುವುದು ನಮ್ಮ ಧರ್ಮ ಅನ್ನುತ್ತಾರೆ. ಸಂಜೆಯಾದರೆ ಅದೇ ಖಾಸಗಿ ನಂಬರಿಗೆ ಅವರ ಸೇಲ್ಸ್‌ನವರ ಫೋನು ಬರುತ್ತದೆ.

ನಮ್ಮ ಬೀದಿಯ ವಕೀಲರಿಗೆ ಕಾಗದ ತೋರಿಸಿದೆ. ಹಳದಿ ಬಣ್ಣಕ್ಕೆ ತಿರುಗಿದ ಹದಿನೆಂಟು ಪುಟ. ಕನ್ನಡಕ ಏರಿಸಿ ಓದಿ, 'ಟೀಚರ್, ಓನರ್ ಅನ್ನೋ ಪದ ಇದರಲ್ಲಿ ಎಲ್ಲೂ ಇಲ್ಲವಲ್ಲ' ಅಂದರು. ಇಪ್ಪತ್ತೈದು ವರ್ಷ ಬಾಯಲ್ಲಿ ಓನರು, ಕಾಗದದಲ್ಲಿ ಬರೀ ಲೈಸೆನ್ಸು. 1882ರ ಈಸ್ಮೆಂಟ್ ಕಾಯ್ದೆಯ 59ನೇ ಕಲಂ ಓದಿ ಹೇಳಿದರು: ಲೈಸೆನ್ಸ್ ಕೊಟ್ಟವನು ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸಿದರೆ, ಆ ಲೈಸೆನ್ಸಿಗೆ ಹೊಸಬನು ತಾನಾಗಿ ಕಟ್ಟುಬೀಳುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಕಾನೂನು, ಯಾರದೋ ಜಮೀನಿನಲ್ಲಿ ಹಾದುಹೋಗಲು ಬಾಯಿಮಾತಿನ ಅಪ್ಪಣೆ ಪಡೆದವನಿಗೂ ಅದೇ, ಪಿ.ಎಫ್. ಮುರಿದು ಮೂವತ್ತಮೂರು ವರ್ಷದ ದುಡ್ಡು ಮುಂಗಡ ಎಣಿಸಿದ ನಮಗೂ ಅದೇ.

ಬೇರೆ ಕಡೆ ಹೀಗಿಲ್ಲ. ಯುರೋಪಿನಲ್ಲಿ 2008ರ ನಿರ್ದೇಶನದ ಪ್ರಕಾರ ಟೈಮ್‌ಶೇರ್, ಅಂದರೆ ನಮ್ಮ ಹಾಗೆ ವಾರದ ಲೆಕ್ಕದಲ್ಲಿ, ಕೊಂಡವರು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ಆ ಅವಧಿ ಮುಗಿಯುವ ತನಕ ಮುಂಗಡ ಮುಟ್ಟುವ ಹಾಗೇ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಟೈಮ್‌ಶೇರಿಗೆಂದೇ ಕಾನೂನಿದೆ, ವಾರ ಕೊಂಡವರ ಸಂಘ ಓಟು ಹಾಕಿ ಆಡಳಿತ ನಡೆಸುವವರನ್ನು ಮನೆಗೆ ಕಳಿಸಬಹುದು. ಅಲ್ಲೂ ಗೋಳಾಟ ಕಡಿಮೆಯಿಲ್ಲ, ಆದರೆ ಜಗಳ ಆಡಲು ಒಂದು ಅಖಾಡವಾದರೂ ಇದೆ. ನಮ್ಮಲ್ಲಿ ಟೈಮ್‌ಶೇರಿಗೆ ಅಂತಲೇ ಒಂದು ಕಾನೂನಿಲ್ಲ. 2016ರಲ್ಲಿ ಸೆಬಿಯವರು ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿಗೆ, ಹೋಟೆಲ್ ವಾಸ್ತವ್ಯದ ಹೆಸರಿನಲ್ಲಿ ಜನರಿಂದ ಎತ್ತಿದ 7,035 ಕೋಟಿ ರೂಪಾಯಿ ಹಿಂದಿರುಗಿಸಲು ಆದೇಶ ಮಾಡಿದರು. ಐವತ್ತು ಲಕ್ಷಕ್ಕೂ ಮೇಲ್ಪಟ್ಟು ಜನ ದುಡ್ಡು ಹಾಕಿದ್ದರು. ಅಷ್ಟು ಮಂದಿ ಮುಳುಗಿದ ಮೇಲೂ ಸರ್ಕಾರಕ್ಕೆ ಈ ವ್ಯಾಪಾರಕ್ಕೊಂದು ಬೇಲಿ ಬೇಕು ಅನಿಸಲಿಲ್ಲ.

ಒಂದು ಸಣ್ಣ ಬಾಗಿಲಿದೆ ಅಂದರು ವಕೀಲರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಕರಾರು' ಅಂತ ಒಂದು ವಿವರಣೆ ಇದೆ. ಗ್ರಾಹಕನ ಒಪ್ಪಿಗೆ ಇಲ್ಲದೆ, ಅವನಿಗೆ ನಷ್ಟವಾಗುವ ಹಾಗೆ ಕರಾರನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಅದರಲ್ಲಿ ಸೇರುತ್ತದೆ. ನಮ್ಮ ಕಥೆಯನ್ನೇ ನೋಡಿ ಬರೆದ ಹಾಗಿದೆ. ಆದರೆ ಅದನ್ನು ಮೈಸೂರಿನ ಜಿಲ್ಲಾ ಆಯೋಗ ಕೇಳುವ ಹಾಗಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. 1997ರ ಕಾಗದಕ್ಕೆ 2020ರಲ್ಲಿ ಜಾರಿಯಾದ ಕಾನೂನು ತಗಲುತ್ತದೋ ಇಲ್ಲವೋ ಅಂತ ಅವರ ಕಡೆಯವರು ವರ್ಷಗಟ್ಟಲೆ ಜಗ್ಗಾಡುತ್ತಾರೆ. 'ನಿಮ್ಮ ವಯಸ್ಸೆಷ್ಟು ಟೀಚರ್?' ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅರವತ್ತೆಂಟು. ಯಜಮಾನರು ಪಕ್ಕದಿಂದ 'ಹೋಗ್ಲಿ ಬಿಡೇ' ಅಂದರು. ಹೋಗ್ಲಿ ಬಿಡು ಅನ್ನುವವರ ಲೆಕ್ಕ ಹಿಡಿದೇ ಈ ಕಂಪನಿಗಳು ನಡೆಯುವುದು ಅಂತ ಅವರಿಗೆ ಹೇಗೆ ಹೇಳಲಿ.

ಹೊಸ ಬಿಲ್ ಬಂದಿದೆ. ವಾರ್ಷಿಕ ನಿರ್ವಹಣಾ ಶುಲ್ಕ ಹದಿನೆಂಟು ಸಾವಿರದ ನಾನೂರು, ಅದರ ಮೇಲೆ ಶೇ. 18 ಜಿಎಸ್‌ಟಿ. ಹಿಂದೆ ಆರು ಸಾವಿರ ಇತ್ತು. ಯಾವುದರ ನಿರ್ವಹಣೆ ಎಂದು ಪತ್ರ ಬರೆದು ಕೇಳಿದೆ. ಮರ ಇಲ್ಲ, ತೋಡು ಇಲ್ಲ, ವಾರ ಇಲ್ಲ. ನಮ್ಮ ಶುಲ್ಕದಲ್ಲೇ ಜೆಸಿಬಿಯ ಡೀಸೆಲ್ಲೂ ಇದೆಯೇ? ಉತ್ತರ ತಕ್ಷಣ ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಕಳೆದ ಮೇ ತಿಂಗಳಲ್ಲಿ ಪಾಯಿಂಟಿನ ತಂಟೆಗೆ ಹೋಗದೆ, ಕೈಯಿಂದ ಬಾಡಿಗೆ ಕೊಟ್ಟು ಎರಡು ದಿನ ಹೋದೆವು. ನನ್ನದೇ ಕಾಟೇಜಿಗೆ ಬಾಡಿಗೆ. ರಿಸೆಪ್ಷನ್ನಿನ ಹುಡುಗನಿಗೆ ನಿನ್ನೆ ಎಷ್ಟು ಮಳೆ ಬಿತ್ತಪ್ಪ ಎಂದೆ. ಮೊಬೈಲ್ ತೆಗೆದು 'ಮಡಿಕೇರಿ, ಪಾರ್ಟ್ಲಿ ಕ್ಲೌಡಿ' ಅಂದ. ಅವನ ಮೊಣಕೈ ಪಕ್ಕದಲ್ಲೇ ಇತ್ತು ತಾಮ್ರದ ಮಳೆಮಾಪಕ, ಬ್ರಾಸೋ ಹಾಕಿ ಫಳಫಳ ಉಜ್ಜಿದ್ದರು. ಅಲಂಕಾರಕ್ಕಂತೆ. ಬಾಯಲ್ಲಿ ಟಿಶ್ಯೂ ಪೇಪರ್ ತುರುಕಿದ್ದರು.

ರಾತ್ರಿ ಗುಡುಗು ಶುರುವಾದಾಗ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಟಿಶ್ಯೂ ತೆಗೆದು ಬದಿಗಿಟ್ಟೆ, ಮಾಪಕ ಹೊತ್ತುಕೊಂಡು ಹೋಗಿ ಹುಲ್ಲಿನ ಮೇಲೆ, ಕೊಳದ ದೀಪದಿಂದ ದೂರದಲ್ಲಿ ನೆಟ್ಟಗೆ ನಿಲ್ಲಿಸಿದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ನೀರಿದೆ, ಅಳೆಯುವ ಜಾಡಿ ಇಲ್ಲ. ಅದೂ ಗುಜರಿಗೆ ಹೋಗಿರಬೇಕು. ಅರ್ಧ ಲೀಟರಿನ ನೀರಿನ ಬಾಟಲಿಗೆ ಸುರಿದೆ, ಕುತ್ತಿಗೆ ತನಕ ಬಂತು. ಐದು ಇಂಚಿನ ಬಾಯಿಗೆ ವಿಸ್ತೀರ್ಣ ನೂರಿಪ್ಪತ್ತೇಳು ಚದರ ಸೆಂಟಿಮೀಟರ್ ಹತ್ತಿರ. ಐನೂರನ್ನು ಅದರಿಂದ ಭಾಗಿಸಿ, ಇಂಚಿಗೆ ತಿರುಗಿಸಿದೆ. ಬರೆಯಲು ಪರ್ಸಿನಲ್ಲಿ ಬೇರೆ ಕಾಗದ ಇರಲಿಲ್ಲ. ನಿರ್ವಹಣಾ ಶುಲ್ಕದ ಬಿಲ್ಲಿನ ಹಿಂದೆ ತಾರೀಕು ಹಾಕಿ ಬರೆದೆ: 1 ಇಂಚು 55 ಸೆಂಟ್. ಪೈಪು ಕಟ್ಟಿಕೊಂಡಿದೆ, ಕೊಳದ ಕೆಳಗಿನ ಮಣ್ಣಿನಿಂದ ಕೆಂಪು ನೀರು ಬರುತ್ತಿದೆ.