ಲಾರಿಗೂ ಒಂದು ಜಾಗ ಬೇಕು, ಮನೆ ಬಾಗಿಲಲ್ಲಿ ಬೇಡ

ಆರೋಗ್ಯದ ಪುಟದಲ್ಲಿ ಲಾರಿಗಳ ಮಾತೇಕೆ ಎಂದು ಓದುಗರು ಕೇಳಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ವಸತಿ ಬೀದಿಗಳಲ್ಲಿ ರಾತ್ರಿ ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ. ಶಿರಾ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಊರು. ಉಳಿದ ಮೂರು ಊರುಗಳಲ್ಲೂ ಕಡಲೆಕಾಯಿ, ಹುಣಸೆಹಣ್ಣು, ಜಲ್ಲಿ, ಸಿಮೆಂಟು ಸಾಗಿಸುವ ವಾಹನಗಳಿಗೆ ಕೊರತೆಯಿಲ್ಲ. ಲೋಡ್ ಇಳಿಸಿದ ಲಾರಿ, ಟಿಪ್ಪರ್‌ಗಳು ಮೊಹಲ್ಲಾದ ರಸ್ತೆಯಲ್ಲೋ ಮನೆಗಳ ನಡುವಿನ ಖಾಲಿ ಸೈಟಿನಲ್ಲೋ ಬಂದು ನಿಲ್ಲುತ್ತವೆ.

ಮೊದಲನೆಯದು ಹೊಗೆ. ಏರ್ ಬ್ರೇಕಿಗೆ ಗಾಳಿ ತುಂಬುವವರೆಗೆ ಲಾರಿ ಹೊರಡುವಂತಿಲ್ಲ. ಹಾಗಾಗಿ ಬೆಳಗಿನ ಜಾವ ಇಂಜಿನ್ ನಿಂತಲ್ಲೇ ಓಡುತ್ತಿರುತ್ತದೆ, ಹೊಗೆ ಪಕ್ಕದ ಮನೆಯ ಕಿಟಕಿಯೊಳಗೆ ನುಗ್ಗುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಆಸ್ತಮಾ ಇರುವ ಮಕ್ಕಳಿಗೆ, ಉಬ್ಬಸದ ವೃದ್ಧರಿಗೆ ಇದರ ಬಿಸಿ ಅಂದೇ ತಟ್ಟುತ್ತದೆ.

ಎರಡನೆಯದು ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬಲ್ ಮೀರಬಾರದು, ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಹಾಕಲೂಬಾರದು. ನಿದ್ದೆ ಪದೇ ಪದೇ ಕೆಟ್ಟರೆ ರಕ್ತದೊತ್ತಡ ಏರುತ್ತದೆ. ಮಕ್ಕಳು ಶಾಲೆಯಲ್ಲಿ ತೂಕಡಿಸುತ್ತಾರೆ.

ಮೂರನೆಯದು ಕೊಳಕು. ನಿಂತ ಲಾರಿಯ ಕೆಳಗೆ ಪೌರಕಾರ್ಮಿಕರು ಗುಡಿಸಲಾಗದು, ಚರಂಡಿ ಹೂಳು ತೆಗೆಯಲಾಗದು. ಆಯಿಲ್ ಸೋರಿ ನೆಲ ಕಪ್ಪಾಗುತ್ತದೆ. ಬಿಸಾಡಿದ ಹಳೇ ಟೈರು, ಮಡಚಿದ ಟಾರ್ಪಾಲಿನಲ್ಲಿ ಮಳೆನೀರು ನಿಂತರೆ ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿ ಹಾರುತ್ತದೆ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು ಎಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಭಯದ ಸಂಗತಿ ಇನ್ನೊಂದಿದೆ. ಎತ್ತರದ ಕ್ಯಾಬಿನ್‌ನಲ್ಲಿ ಕುಳಿತವರಿಗೆ ಬಂಪರ್ ಹತ್ತಿರ ನಿಂತ ಮಗು ಕಾಣುವುದಿಲ್ಲ. ರಿವರ್ಸ್ ತೆಗೆಯುವಾಗ ಹಿಂದಿರುವುದೂ ಕಾಣುವುದಿಲ್ಲ. ಕಿರಿದಾದ ಬೀದಿಯಲ್ಲಿ ಲಾರಿ ಅಡ್ಡ ನಿಂತಿದ್ದರೆ ಹೆರಿಗೆ ನೋವಿನ ಹೆಣ್ಣುಮಗಳಿಗಾಗಿ ಬಂದ 108 ಆಂಬುಲೆನ್ಸ್ ಮನೆ ಮುಟ್ಟುವುದಾದರೂ ಹೇಗೆ?

ಹಾಗೆಂದು ಚಾಲಕರನ್ನು ಶತ್ರುಗಳಂತೆ ಕಾಣುವುದು ಸರಿಯಲ್ಲ. ಡ್ರೈವರು, ಕ್ಲೀನರು, ಮೆಕ್ಯಾನಿಕ್, ಪಂಕ್ಚರ್ ಅಂಗಡಿಯವರು ನಮ್ಮ ಮನೆಗಳಲ್ಲೇ ಇದ್ದಾರೆ. ಲಾರಿಯನ್ನು ದೂರ ಬಿಟ್ಟರೆ ಡೀಸೆಲ್, ಬ್ಯಾಟರಿ, ಸ್ಟೆಪ್ನಿ ಕಳುವಾಗುವ ಭಯ ಅವರದು. ವಾರಗಟ್ಟಲೆ ಊರು ಬಿಟ್ಟಿದ್ದವರಿಗೆ ಮನೆ ಹತ್ತಿರ ವಾಹನ ನಿಲ್ಲಿಸುವ ಆಸೆಯೂ ಸಹಜ. ಬೇರೆ ಜಾಗ ಕೊಡದೆ ದಂಡ ಹಾಕಿದರೆ ಲಾರಿ ಈ ಬೀದಿಯಿಂದ ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೆ.

ಆದ್ದರಿಂದ ಮೊದಲು ಜಾಗ, ಆಮೇಲೆ ನಿರ್ಬಂಧ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆ ಸ್ಥಳ ಗುರುತಿಸಲು, 115ನೇ ಕಲಂ ಭಾರಿ ವಾಹನಗಳ ಪ್ರವೇಶ ನಿರ್ಬಂಧಿಸಲು ಅಧಿಕಾರ ಕೊಟ್ಟಿದೆ. ಟ್ರಕ್ ಟರ್ಮಿನಲ್ ಕಟ್ಟಲೆಂದೇ ರಾಜ್ಯದಲ್ಲಿ ಡಿ. ದೇವರಾಜ ಅರಸು ಹೆಸರಿನ ಸರ್ಕಾರಿ ಕಂಪನಿಯೂ ಇದೆ. ನಾಲ್ಕೂ ಊರುಗಳ ಹೊರವಲಯದಲ್ಲಿ ದೀಪ, ಕಾವಲುಗಾರ, ಶೌಚಾಲಯ, ಸ್ನಾನದ ನೀರು, ಒಂದು ಕ್ಯಾಂಟೀನು ಇರುವ ಜಾಗವಾದರೆ ಸಾಕು. ಅದರಿಂದ ಚಾಲಕರ ಆರೋಗ್ಯವೂ ಉಳಿಯುತ್ತದೆ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಮೊಹಲ್ಲಾದ ಹಿರಿಯರು, ಜಮಾಅತಿನವರು ಲಾರಿ ಮಾಲೀಕರನ್ನು ಕರೆದು ಮಾತನಾಡಲಿ. ಶಾಲೆ, ಆಸ್ಪತ್ರೆ, ಮಸೀದಿ, ದೇವಸ್ಥಾನದ ರಸ್ತೆಗಳನ್ನು ಮೊದಲು ಬಿಡಿಸಿಕೊಳ್ಳಲಿ. ಬಳಿಕ ಎಲ್ಲ ಸಮುದಾಯದವರೂ ಸಹಿ ಹಾಕಿದ ಮನವಿಯನ್ನು ಸ್ಥಳೀಯ ಪುರಾಡಳಿತಕ್ಕೂ ಜಿಲ್ಲಾಧಿಕಾರಿಗಳಿಗೂ ಕೊಡಲಿ. ಲಾರಿ ಮಾಲೀಕರ ಸಹಿಯೂ ಅದರಲ್ಲಿದ್ದರೆ ಮನವಿಗೆ ತೂಕ ಹೆಚ್ಚು.