ಸಂಕಟ ಹೇಳಿಕೊಳ್ಳಲೂ ಇಂಗ್ಲಿಷ್ ಬೇಕೆ?

ಕನ್ನಡದ ಯುವಕರೇ, ಯುವತಿಯರೇ,

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವಾಗ ನಿಮ್ಮ ಕೈ ನಡುಗುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು 'ಕನ್ನಡ ಗೊತ್ತಿಲ್ಲ' ಎಂದವನನ್ನು ನೀವು ಸುಮ್ಮನೆ ಬಿಡುವುದಿಲ್ಲ. ಬಿಡಲೂಬಾರದು. ಆದರೆ ಆಸ್ಪತ್ರೆಯ ಒಳಗೆ ಕನ್ನಡದ ಗತಿ ಏನಾಗಿದೆ ಎಂದು ಎಂದಾದರೂ ನೋಡಿದ್ದೀರಾ? ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಮಾನ ಹೋಗುತ್ತದೆ. ಆಸ್ಪತ್ರೆಯಲ್ಲಿ ಕನ್ನಡ ಇಲ್ಲದಿದ್ದರೆ ಪ್ರಾಣ ಹೋಗುತ್ತದೆ!

ಲೂಪಸ್ ಎಂಬ ರೋಗವಿದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಮೈಯನ್ನು ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು; ಹೆಚ್ಚಿನವರಿಗೆ ಶುರುವಾಗುವುದು 15ರಿಂದ 45ರ ಪ್ರಾಯದಲ್ಲಿ. ಕೀಲುನೋವು, ಸುಸ್ತು, ಜ್ವರ, ಕೂದಲು ಉದುರುವುದು, ಬಿಸಿಲು ತಾಗಿದರೆ ಕೆನ್ನೆ ಮೂಗಿನ ಮೇಲೆ ಚಿಟ್ಟೆಯಾಕಾರದ ಕೆಂಪು ಕಲೆ. ಮೂತ್ರಪಿಂಡಕ್ಕೂ ಹೋಗಬಹುದು, ಮಿದುಳಿಗೂ ಹೋಗಬಹುದು. ಅಂಟುರೋಗವಲ್ಲ. ಪೂರ್ತಿ ವಾಸಿಯಾಗದಿದ್ದರೂ ಔಷಧಿಯಿಂದ ಹತೋಟಿಯಲ್ಲಿಡಬಹುದು.

ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯಿದೆ. ಈ ರೋಗವಿರುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಖಿನ್ನತೆಗೆ ಬೀಳುತ್ತಾರೆ. ಆತ್ಮಹತ್ಯೆಯ ಯೋಚನೆ ಉಳಿದವರಿಗಿಂತ ಇವರಲ್ಲಿ ಹೆಚ್ಚು. ರೋಗವೇ ಮಿದುಳನ್ನು ಮುಟ್ಟಿ ಮನಸ್ಸನ್ನು ಕೆಡಿಸಬಹುದು. ಕೊಡುವ ಸ್ಟೀರಾಯ್ಡ್ ಮಾತ್ರೆ ನಿದ್ದೆಯನ್ನೂ ಮನಸ್ಸನ್ನೂ ಏರುಪೇರು ಮಾಡಬಹುದು. ಉಳಿದದ್ದನ್ನು ನೋವು, ಖರ್ಚು, ಜನರ ಮಾತು ಮಾಡುತ್ತವೆ. ಇದರಲ್ಲಿ ಅವರ ಮನೋದೌರ್ಬಲ್ಯ ಎಲ್ಲಿದೆ? 'ಧೈರ್ಯ ತಗೋ' ಎಂಬ ಉಪದೇಶದಿಂದ ಇದು ಗುಣವಾಗುತ್ತದೆಯೆ?

ನಮ್ಮ ಆನವಟ್ಟಿ ಕಡೆಯ ಹೆಣ್ಣುಮಗಳೊಬ್ಬಳನ್ನು ನೆನೆಸಿಕೊಳ್ಳಿ. ಗದ್ದೆಯಲ್ಲಿ ನಾಟಿ, ಹೊಲದಲ್ಲಿ ಕಳೆ. 'ಬಿಸಿಲಿಗೆ ಹೋಗಬೇಡ' ಎಂದರೆ 'ಕೂಲಿ ಬೇಡ' ಎಂದಂತೆ. ಮಾತ್ರೆಯಿಂದ ಮುಖ ಊದಿಕೊಂಡರೆ 'ದಪ್ಪ ಆಗೀಯಲ್ಲ, ನಿನಗೆಂಥ ರೋಗವ್ವ?' ಎನ್ನುವ ನೆಂಟರು. ರೋಗದ ಸುದ್ದಿ ತಿಳಿದರೆ ಗಂಡಿನ ಕಡೆಯವರು ಮತ್ತೆ ಆ ಬೀದಿಗೆ ಬರುವುದಿಲ್ಲ. ಅವಳು ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗಕ್ಕೆ ಹೋಗಬೇಕು. ಅಲ್ಲಿಂದ ಮುಂದೆ ಕಳಿಸಿದರೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ. ದಿನವಿಡೀ ಸಾಲಿನಲ್ಲಿ ನಿಂತರೆ ಡಾಕ್ಟರ ಮುಂದೆ ಐದು ನಿಮಿಷ. ಫೈಲು ಇಂಗ್ಲಿಷ್, ಚೀಟಿ ಇಂಗ್ಲಿಷ್, ಮಾತ್ರೆಯ ಪಟ್ಟಿ ಇಂಗ್ಲಿಷ್. ಕೊನೆಗೆ ಒಂದು ಪ್ರಶ್ನೆ: 'ಎನಿ ಡಿಪ್ರೆಶನ್?' ಅವಳು ಇಲ್ಲವೆಂದು ತಲೆಯಾಡಿಸುತ್ತಾಳೆ. ಫೈಲಿನಲ್ಲಿ 'ನಿಲ್' ಎಂದು ಬೀಳುತ್ತದೆ.

ಅದೇ ಪ್ರಶ್ನೆಯನ್ನು 'ಮನಸ್ಸಿಗೆ ಹ್ಯಾಂಗೈತವ್ವ?' ಎಂದು ಕೇಳಿದ್ದರೆ? 'ಜೀವಕ್ಕ ಬ್ಯಾಸರ ಆಗೇತ್ರಿ, ಯಾಕ ಬದುಕ್ಬೇಕೋ ತಿಳೀವಲ್ದು' ಎಂದು ಅತ್ತುಬಿಡುತ್ತಿದ್ದಳು. ಒಂದು ಜೀವ ಉಳಿಯುವ ದಾರಿ ಅಲ್ಲೇ ತೆರೆಯುತ್ತಿತ್ತು. ಸಕ್ಕರೆ ಎಷ್ಟೆಂದು ರಕ್ತ ಹೇಳುತ್ತದೆ, ಎಲುಬು ಮುರಿದದ್ದನ್ನು ಎಕ್ಸರೇ ಹೇಳುತ್ತದೆ. ಸಾಯಬೇಕೆನಿಸಿದ್ದನ್ನು ಯಾವ ಯಂತ್ರ ಹೇಳುತ್ತದೆ? ಬಾಯಿಯೇ ಹೇಳಬೇಕು. ಅದೂ ಅವರವರ ತಾಯ್ನುಡಿಯಲ್ಲೇ.

'ವೈದ್ಯಶಾಸ್ತ್ರ ಕನ್ನಡದಲ್ಲಿ ಆಗುವುದಿಲ್ಲ' ಎನ್ನುವ ಪಂಡಿತರಿದ್ದಾರೆ. ಅವರು ನಮ್ಮ ಜಿಲ್ಲೆಯ ಕಡೆಗೊಮ್ಮೆ ತಿರುಗಿ ನೋಡಲಿ. 2016ರಲ್ಲಿ ತೀರಿಕೊಂಡ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಮನೋರೋಗದ ಬಗ್ಗೆ ಕನ್ನಡದಲ್ಲೇ ಬರೆದು ಮನೆಮನೆಗೆ ಮುಟ್ಟಿಸಿದರು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕಗಳ ರಾಶಿಯನ್ನೇ ಕೊಟ್ಟರು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಹಳ್ಳಿ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಮನೋಚಿಕಿತ್ಸೆ ನಡೆಸಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ ನಾಡಿನಲ್ಲೇ ರೋಗಿ ಮೂಕಿಯಾಗಬೇಕೆ? ನಾಚಿಕೆಗೇಡು!

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ ಓದಿ. ಕಾಯಿಲೆ ಏನು, ಚಿಕಿತ್ಸೆ ಏನು, ಅಡ್ಡಪರಿಣಾಮ ಏನು ಎಂಬುದನ್ನು ಮನೋರೋಗಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು. ಇದು ಭಿಕ್ಷೆಯಲ್ಲ, ಹಕ್ಕು! ಅದೇ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅಂಥವರಿಗೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ 309ನೇ ಕಲಂ 2024ರ ಜುಲೈ 1ರಿಂದ ಬಂದ ಹೊಸ ದಂಡಸಂಹಿತೆಯಲ್ಲಿ ಇಲ್ಲ. ಆದರೂ ಹಳ್ಳಿಯಲ್ಲಿ 'ಪೊಲೀಸ್ ಕೇಸಾಗುತ್ತದೆ' ಎಂದು ಮುಚ್ಚಿಡುತ್ತಾರೆ. ಯಾಕೆ? ಯಾರೂ ಅವರಿಗೆ ಕನ್ನಡದಲ್ಲಿ ತಿಳಿಸಿಲ್ಲ, ಅದಕ್ಕೆ.

ನಾನು ಪ್ರೆಸ್ಸಿನವನು. ಜಾತ್ರೆಯ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ರಸೀದಿ ಪುಸ್ತಕ ಎಲ್ಲ ಛಾಪಿಸಿದ್ದೇನೆ. 'ರೋಗಿಗಳಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಡಿ' ಎಂದು ಇಂದಿಗೂ ಒಂದು ಆಸ್ಪತ್ರೆಯವರು ನನ್ನ ಬಾಗಿಲಿಗೆ ಬಂದಿಲ್ಲ. ಪುಢಾರಿಯ ಹುಟ್ಟುಹಬ್ಬದ ಒಂದು ದೊಡ್ಡ ಫ್ಲೆಕ್ಸಿನ ದುಡ್ಡಿನಲ್ಲಿ ಅಂಥ ಸಾವಿರ ಹಾಳೆ ಆಗುತ್ತವೆ. ಕೊರತೆ ಇರುವುದು ದುಡ್ಡಿಗಲ್ಲ, ಮನಸ್ಸಿಗೆ.

ಆದ್ದರಿಂದ ಈ ಬೇಡಿಕೆಗಳನ್ನು ಹಿಡಿದು ಆರೋಗ್ಯಾಧಿಕಾರಿಗಳ ಕಚೇರಿಗೆ ನಡೆಯಿರಿ:

1. ಲೂಪಸ್‌ನಂಥ ದೀರ್ಘಕಾಲದ ರೋಗದ ಪ್ರತಿ ರೋಗಿಯ ಮನಸ್ಸಿನ ಸ್ಥಿತಿಯನ್ನು ಕನ್ನಡದಲ್ಲಿ ಕೇಳಬೇಕು. ಅದಕ್ಕೆಂದೇ ಇರುವ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಸಾಯುವ ಯೋಚನೆ ಬರುತ್ತದೆಯೇ ಎಂಬುದೇ ಅದರ ಒಂಬತ್ತನೆಯ ಪ್ರಶ್ನೆ. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು.

2. ಔಷಧಿಯ ವಿವರ ಕನ್ನಡದಲ್ಲಿ ಕೊಡಬೇಕು. 'ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ನಿದ್ದೆ ಕೆಟ್ಟರೆ, ಮನಸ್ಸು ಕೆಟ್ಟರೆ ಕೂಡಲೇ ಹೇಳಿ' ಎಂಬ ಎರಡು ಸಾಲು ಅದರಲ್ಲಿ ಇರಲೇಬೇಕು.

3. ಕನ್ನಡ ಬಾರದ ಡಾಕ್ಟರರಿಗೆ ಕಲಿಸಬೇಕು. ಕಲಿಯುವವರೆಗೆ ಪಕ್ಕದಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಇರಬೇಕು.

ಒಂದು ಎಚ್ಚರಿಕೆ. ರಾತ್ರಿಯಿಡೀ ದುಡಿದ ಡ್ಯೂಟಿ ಡಾಕ್ಟರ ಕಾಲರ್ ಹಿಡಿಯುವುದು ಹೋರಾಟವಲ್ಲ. ಉತ್ತರ ಕೊಡಬೇಕಾದವರು ಮೇಲೆ ಕುಳಿತಿದ್ದಾರೆ.

ನಿಮ್ಮ ಮನೆಯಲ್ಲೋ ಹಾಸ್ಟೆಲಿನಲ್ಲೋ ಇಂಥ ರೋಗದಿಂದ ಬಳಲುವ ಅಕ್ಕ, ತಂಗಿ, ಗೆಳತಿ ಇದ್ದರೆ ಇಂದೇ ಪಕ್ಕದಲ್ಲಿ ಕೂತು ಕೇಳಿ. ಹೇಳಿದ್ದನ್ನು ಬೈಯದೆ ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ನಿಮಗೇ ಹಾಗನಿಸಿದರೂ ಅಷ್ಟೇ, ಮುಚ್ಚಿಟ್ಟುಕೊಳ್ಳಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಪುಕ್ಕಟೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಗೋಡೆಗೆ ಬರೆಯಿರಿ, ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿ.

ಈ ನವೆಂಬರಿನಲ್ಲಿ ಬಾವುಟದ ಜೊತೆ ಈ ಹಾಳೆಯನ್ನೂ ಹಂಚಿ. ಅಂಥ ಹಾಳೆಯ ಛಾಪಿಸುವ ಕೂಲಿ ನನ್ನದು, ಕಾಗದ ನಿಮ್ಮದು. ಬನ್ನಿ!

ಸಿರಿಗನ್ನಡಂ ಗೆಲ್ಗೆ!