ಬೀದಿಯಲ್ಲಿ ಬಹುವಚನ, ಮನೆಯಲ್ಲಿ ಏಕವಚನ

ಹೋದ ತಿಂಗಳು ತಾಲ್ಲೂಕಿನ ಒಂದು ಕಚೇರಿಯಲ್ಲಿ ನಾನು ಜಗಳ ಮಾಡಿದೆ. ಮಗಳ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೋಗಿದ್ದೆ. ಅಲ್ಲಿದ್ದ ಗುಮಾಸ್ತ ನನಗಿಂತ ಚಿಕ್ಕವನು. ಅರ್ಜಿ ಬಿಡಿಸಿ ನೋಡುವವರೆಗೆ ‘ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ’ ಅಂದ. ನೋಡಿದ ಮೇಲೆ ‘ಆ ಕಡೆ ನಿಂತ್ಕೊ, ಕರೀತೀನಿ’ ಅಂದ. ಒಂದು ಹಾಳೆ ಮಗುಚುವಷ್ಟರಲ್ಲಿ ಬಹುವಚನ ಏಕವಚನವಾಯಿತು. ನಾನು ಮೇಜು ಕುಟ್ಟಿದೆ. ‘ಮರ್ಯಾದೆ ಕೊಟ್ಟು ಮಾತಾಡು’ ಅಂದೆ. ಜನ ಸೇರಿದರು. ಒಳಗಿನಿಂದ ಮೇಲಧಿಕಾರಿ ಬಂದು ‘ಹೋಗ್ಲಿ ಬಿಡಿ ಸಾರ್’ ಅಂದ ಮೇಲೆಯೇ ಹೊರಗೆ ಬಂದೆ.

ಆ ಗೆಲುವನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದವನು, ಚಪ್ಪಲಿ ಬಿಡ್ತಾ ಕೂಗಿದೆ: ‘ಏಯ್, ನೀರು ತಗೊಂಬಾ.’

ನೀರು ಬಂತು. ಕುಡಿದು ಕಥೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಖಾಲಿ ಲೋಟ ಈಸ್ಕೊಂಡು ನಗ್ತಾ ಅಂದಳು: ‘ಒಳ್ಳೇದೇ ಮಾಡಿದ್ರಿ. ನಾನು ಯಾವ ಕಚೇರೀಗೆ ಹೋಗಿ ಮೇಜು ಕುಟ್ಲಿ, ಹೇಳಿ?’

ಆ ರಾತ್ರಿ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದಷ್ಟನ್ನು ಇಲ್ಲಿ ಬರೀತಿದ್ದೇನೆ. ಮದುವೆಯಾಗಿ ನಾಲ್ಕು ವರ್ಷವಾದ, ಸಂಘಟನೆಯ ಬಾವುಟ ಹಿಡಿದ, ಏಪ್ರಿಲ್ 14 ಬಂತೆಂದರೆ ಗಂಟಲು ಹರಿಯುವಂತೆ ಭಾಷಣ ಮಾಡುವ ನನ್ನಂಥ ಗಂಡಸರಿಗೇ ಈ ಮಾತು. ಕೋಪ ಬಂದರೆ ಬರಲಿ.

ನಮ್ಮಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಜೀತ ರದ್ದಾಗಿ 1976ರಲ್ಲಿ ಕಾನೂನು ಬಂತು. ಆ ಕಾನೂನು ನಮ್ಮ ಕೇರಿಗೆ ನಡೆದುಕೊಂಡು ಬರೋದಕ್ಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಗೌಡರ ಮನೆಯ ಹತ್ತು ವರ್ಷದ ಹುಡುಗ ನಮ್ಮಪ್ಪನನ್ನು ‘ಲೇ, ಬಾರ್ಲಾ ಇಲ್ಲಿ’ ಅಂತ ಕರೀತಿದ್ದ. ನಮ್ಮಪ್ಪ ಆ ಹುಡುಗನನ್ನು ‘ಬುದ್ಧಿ’ ಅಂತಿದ್ದ. ಇದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಕಚೇರಿಯಲ್ಲಿ ನಾನು ಮೇಜು ಕುಟ್ಟಿದ್ದು ಬರೀ ಆ ಗುಮಾಸ್ತನಿಗೆ ಅಲ್ಲ, ಆ ಹುಡುಗನಿಗೂ ಸೇರಿಸಿ ಕುಟ್ಟಿದೆ.

ಸರಿ. ನನ್ನ ಮನೆಯಲ್ಲಿ? ನಾನು ಅವಳನ್ನು ‘ಏಯ್’, ‘ಲೇ’, ‘ಇವಳೇ’ ಅಂತೀನಿ. ಅವಳು ನನ್ನನ್ನು ‘ರೀ’ ಅಂತಾಳೆ, ‘ಬನ್ನಿ’, ‘ಉಣ್ಣಿ’ ಅಂತಾಳೆ. ಅವಳಿಗೂ ನನಗೂ ವಯಸ್ಸಿನಲ್ಲಿ ಎರಡು ವರ್ಷದ ಅಂತರ. ಓದಿದ್ದು ಇಬ್ಬರೂ ಡಿ.ಎಡ್. ಅವಳ ಅಂಕ ನನಗಿಂತ ಹೆಚ್ಚು.

‘ಅಯ್ಯೋ, ಏಕವಚನ ಪ್ರೀತಿಯ ಮಾತು ಕಣಯ್ಯ. ಅವ್ವನನ್ನು ಏಕವಚನದಲ್ಲಿ ಕರೆಯಲ್ವ? ದೇವರನ್ನು ಕರೆಯಲ್ವ?’ ಅಂತ ನನ್ನ ಗೆಳೆಯರೊಬ್ಬರು ವಾದ ಹೂಡಿದರು. ಹೌದು, ಅವ್ವನನ್ನು ‘ನೀನು’ ಅಂತೀವಿ. ಅವ್ವನೂ ನಮ್ಮನ್ನು ‘ನೀನು’ ಅಂತಾಳೆ. ಆ ಮಾತು ಎರಡೂ ಕಡೆ ಓಡಾಡುತ್ತೆ. ಗೌಡ ನಮ್ಮಪ್ಪನನ್ನು ‘ನೀನು’ ಅಂದ. ನಮ್ಮಪ್ಪ ತಿರುಗಿ ‘ನೀನು’ ಅಂದಿದ್ದರೆ ಬೆನ್ನಿನ ಮೇಲೆ ಬಾಸುಂಡೆ ಬರ್ತಿತ್ತು. ಎರಡೂ ಕಡೆ ಓಡಾಡುವ ಏಕವಚನ ಪ್ರೀತಿ. ಒಂದೇ ಕಡೆ ಹೋಗುವ ಏಕವಚನ ಯಜಮಾನಿಕೆ. ನಿಮ್ಮ ಮನೆಯದು ಯಾವುದು ಅಂತ ನೀವೇ ನೋಡಿಕೊಳ್ಳಿ.

ಮಾತು ಬಿಡಿ, ಊಟಕ್ಕೆ ಬನ್ನಿ. ನಮ್ಮಜ್ಜಿ ದೊಡ್ಡವರ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು, ಅವರು ಉಂಡು ಮಿಕ್ಕ ತಂಗಳನ್ನು ಸೆರಗೊಡ್ಡಿ ಈಸ್ಕೊಂಡು ಬರ್ತಿದ್ದಳು. 1927ರ ಮಾರ್ಚಿನಲ್ಲಿ ಮಹಾಡಿನ ಸಮಾವೇಶದಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಹೇಳಿದ್ದರಲ್ಲಿ ಇದೂ ಒಂದು: ಸತ್ತ ದನ ತಿನ್ನೋದು ಬಿಡಿ, ಬೇರೆಯವರು ಎಸೆದ ಎಂಜಲು ತಿನ್ನೋದು ಬಿಡಿ. ಮಾರನೆಯ ದಿನ ಚೌದಾರ್ ಕೆರೆಯ ನೀರು ಮುಟ್ಟಿದರು. ಇವತ್ತು ನನ್ನ ಮನೆಯಲ್ಲಿ ಯಾರೂ ಯಾರ ಹಿತ್ತಲಿಗೂ ಹೋಗಿ ನಿಲ್ಲಲ್ಲ.

ಆದರೆ ರಾತ್ರಿ ಒಂಬತ್ತು ಗಂಟೆಗೆ ನನ್ನ ಅಡುಗೆಮನೆ ನೋಡಿ. ಮೊದಲು ನಾನು ಉಣ್ತೀನಿ. ಆಮೇಲೆ ನಮ್ಮಪ್ಪ, ಅವ್ವ, ಮಗಳು. ಕೊನೆಗೆ ಅವಳು. ತಳದಲ್ಲಿ ಮಿಕ್ಕ ಸಾರು, ಒಡೆದ ಮುದ್ದೆ, ಮಗಳು ಕಚ್ಚಿ ಬಿಟ್ಟ ಹಪ್ಪಳ. ಬೆಳಿಗ್ಗೆಯ ಉಪ್ಪಿಟ್ಟು ಮಿಕ್ಕಿದ್ದರೆ ಅದೂ ಅವಳಿಗೇ. ‘ಚೆಲ್ಲಕ್ಕೆ ಮನಸ್ಸು ಬರಲ್ಲ’ ಅಂತಾಳೆ. ಚೆಲ್ಲಕ್ಕೆ ಮನಸ್ಸು ಬರದಿದ್ದ ಅನ್ನವನ್ನೇ ಅಲ್ಲವೇ ದೊಡ್ಡವರು ನಮ್ಮಜ್ಜಿಯ ಸೆರಗಿಗೆ ಹಾಕ್ತಿದ್ದುದು? ಎಂಜಲು ಕೇರಿಯಿಂದ ಹೋಯಿತು ಅಂತ ನಾವು ಮೆರವಣಿಗೆ ಮಾಡಿದೆವು. ಅದು ಒಲೆಯ ಮುಂದೆ ಅವಳ ತಟ್ಟೆಯಲ್ಲಿ ಕೂತಿತ್ತು, ನಮಗೆ ಕಾಣಲಿಲ್ಲ. ಹೋಟೆಲಿನಲ್ಲಿ ನಮಗೆ ಅಂತ ಬೇರೆ ಇಟ್ಟ ಲೋಟ ಹತ್ತು ಮಾರು ದೂರದಿಂದ ಕಾಣುವ ಕಣ್ಣಿಗೆ, ಮನೆಯೊಳಗಿನ ಈ ತಟ್ಟೆ ಯಾಕೆ ಕಾಣಲ್ಲ?

ಇನ್ನು ನನ್ನ ತಪ್ಪುಗಳಲ್ಲಿ ದೊಡ್ಡದನ್ನು ಹೇಳಿಬಿಡ್ತೀನಿ. ಅವಳು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಮಗಳನ್ನು ಮಲಗಿಸಿ ರಾತ್ರಿ ಹನ್ನೊಂದರವರೆಗೆ ಓದ್ತಿದ್ದಳು. ಪರೀಕ್ಷೆ ಬಂದದ್ದು ಒಂದು ಭಾನುವಾರ. ಅದೇ ಭಾನುವಾರ ನಮ್ಮ ಮನೆಯಲ್ಲಿ ಸಂಘಟನೆಯ ಸಭೆ ಅಂತ ನಾನು ಹೇಳಿಬಿಟ್ಟಿದ್ದೆ. ಹನ್ನೆರಡು ಜನ, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ. ‘ಮುಂದಿನ ವರ್ಷ ಬರೀಬಹುದು ಬಿಡು, ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ’ ಅಂದೆ. ಅವಳು ಏನೂ ಅನ್ನಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಈರುಳ್ಳಿ ಹೆಚ್ಚಿದಳು. ಸಭೆಯಲ್ಲಿ ನಾವು ಚರ್ಚೆ ಮಾಡಿದ ವಿಷಯ ಯಾವುದು ಗೊತ್ತೇ? ಜಯಂತಿಯ ವಿಚಾರಗೋಷ್ಠಿಗೆ ಶೀರ್ಷಿಕೆ: ‘ಅಂಬೇಡ್ಕರ್ ಮತ್ತು ಮಹಿಳಾ ವಿಮೋಚನೆ’. ಹನ್ನೆರಡು ಗಂಡಸರು ಚಾಪೆ ಮೇಲೆ ಕೂತು ಹೆಣ್ಣಿಗೆ ವಿಮೋಚನೆ ಕೊಡ್ತಿದ್ದೆವು. ಒಳಗೆ ಒಬ್ಬ ಹೆಣ್ಣುಮಗಳ ಹಾಲ್ ಟಿಕೆಟ್ಟು ಅಕ್ಕಿ ಡಬ್ಬದ ಕೆಳಗೆ ಮಡಿಸಿಕೊಂಡು ಬಿದ್ದಿತ್ತು.

ನಾಲ್ಕು ತಿಂಗಳಾದ ಮೇಲೆ ಆ ಹಾಲ್ ಟಿಕೆಟ್ಟು ನನ್ನ ಕೈಗೆ ಸಿಕ್ಕಿತು. ತೋರಿಸಿ ಕೇಳಿದ್ದಕ್ಕೆ ‘ಅದೇನು ಬಿಡಿ’ ಅಂದಳು. ಅವಳು ಜಗಳ ಮಾಡಿದ್ದರೆ ನಾನು ತಪ್ಪಿಸಿಕೊಳ್ತಿದ್ದೆ. ಮಾಡಲಿಲ್ಲ.

1942ರ ಜುಲೈನಲ್ಲಿ ನಾಗಪುರದಲ್ಲಿ ದಲಿತ ಹೆಂಗಸರ ಸಮ್ಮೇಳನ ನಡೆಯಿತು. ಸಾವಿರಾರು ಹೆಂಗಸರು ಬಂದಿದ್ದರು. ಬಾಬಾಸಾಹೇಬರು ಅಲ್ಲಿ ಎರಡು ಮಾತು ಹೇಳಿದರು. ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನೋದನ್ನು ಅದರ ಹೆಂಗಸರು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ಅಳೀತೀನಿ ಅನ್ನೋದು ಮೊದಲನೆಯದು. ಅದನ್ನು ನಾವು ಬ್ಯಾನರಿಗೆ ಬರೆಸ್ತೀವಿ. ಎರಡನೆಯದನ್ನು ಬರೆಸಲ್ಲ. ಮದುವೆಯಾಗುವ ಪ್ರತಿ ಹುಡುಗಿಯೂ ಗಂಡನಿಗೆ ಎದುರು ನಿಲ್ಲಲಿ, ಅವನ ಗೆಳತಿ ತಾನು, ಅವನ ಸಮ ತಾನು ಅನ್ನಲಿ, ಗುಲಾಮಳಾಗಲು ಒಪ್ಪದಿರಲಿ ಅಂತ ಹೇಳಿದ್ದು ಎರಡನೆಯದು. ಆ ಬ್ಯಾನರು ನಮ್ಮ ಮನೆಯ ನಡುಮನೆಯಲ್ಲಿ ಕಟ್ಟಬೇಕಾಗುತ್ತಲ್ಲ, ಅದಕ್ಕೇ ನಮಗೆ ಬೇಡ.

ಅವರು ಸುಮ್ಮನೆ ಹೇಳಿದವರಲ್ಲ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಗಲೇ ಜಾತಿ ಹುಟ್ಟಿದ ಬಗೆಯನ್ನು ಬಿಡಿಸಿ ಬರೆದರು. ಜಾತಿಯ ಬೇರು ಇರೋದು ಸ್ವಜಾತಿ ಮದುವೆಯಲ್ಲಿ. ಆ ಬೇಲಿ ಮುರಿಯದ ಹಾಗೆ ಕಾಯೋದಕ್ಕೇ ಸತಿ, ವಿಧವೆಗೆ ಮರುಮದುವೆ ಇಲ್ಲದ ಕಟ್ಟು, ಎಳೆಯ ಹುಡುಗಿಯರ ಮದುವೆ ಎಲ್ಲ ಬಂದವು ಅಂತ ತೋರಿಸಿದರು. ಅಂದರೆ ಹೆಣ್ಣನ್ನು ಕಟ್ಟಿಹಾಕಿದ ಹಗ್ಗ ಮತ್ತು ಜಾತಿಯ ಹಗ್ಗ ಒಂದೇ ನಾರಿನಿಂದ ಹೊಸೆದದ್ದು. ಹಿಂದೂ ಕೋಡ್ ಬಿಲ್ಲು ನೆನೆಗುದಿಗೆ ಬಿದ್ದಾಗ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿಯ ಕುರ್ಚಿ ಬಿಟ್ಟು ಎದ್ದು ಬಂದರು. ಹೆಂಗಸರ ಹಕ್ಕಿಗಾಗಿ ಅವರು ಮಂತ್ರಿಗಿರಿ ಬಿಟ್ಟರು. ನಾನು ಒಂದು ಭಾನುವಾರದ ಸಭೆ ಬಿಡಲಿಲ್ಲ.

ಈಗ ಎದುರು ಮಾತುಗಳಿಗೆ ಬರೋಣ.

‘ಮೊದಲು ಜಾತಿ ಹೋಗಲಿ, ಆಮೇಲೆ ಇದು’ ಅನ್ನುವವರಿದ್ದಾರೆ. ನಾವು ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಸಿಗೋದಕ್ಕೆ ಮೂರು ತಿಂಗಳು ಅಲೆದೆವು. ಸಿಕ್ಕ ಮನೆಯ ಒಡೆಯರಿಗೆ ನಾವು ಯಾವ ಪೈಕಿ ಅಂತ ತಿಳಿದದ್ದು ಆಮೇಲೆ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ‘ನಮಸ್ಕಾರ ಮೇಷ್ಟ್ರೇ’ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಮಾತ್ರ ನನ್ನ ಹೆಂಡತಿಗೆ ‘ನಮ್ಮವರದೆಲ್ಲ ಆದ್ಮೇಲೆ ಹಿಡ್ಕೊಳಮ್ಮ’ ಅನ್ನೋದು ಶುರುವಾಯಿತು. ನಾನು ಅರ್ಜಿ ಬರೆದೆ, ಪ್ರತಿಭಟನೆ ಅಂದೆ, ಗೆಳೆಯರನ್ನು ಸೇರಿಸಿದೆ. ಅವಳು ದಿನಾ ಬೆಳಿಗ್ಗೆ ಖಾಲಿ ಕೊಡ ಹಿಡಿದು ಆ ಕಟ್ಟೆಯ ಹತ್ತಿರ ನಿಂತಳು. ಮನೆ ಬದಲಾಯಿಸುವವರೆಗೆ ಐದು ತಿಂಗಳು ನಿಂತಳು. ಆ ಅವಮಾನ ಹೊತ್ತುಕೊಂಡು ಒಳಗೆ ಬಂದವಳಿಗೆ ನಾನು ‘ಕಾಫಿ ಇನ್ನೂ ಆಗಿಲ್ವ?’ ಅಂತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ? ನಲ್ಲಿಯ ಹತ್ತಿರ ಅವಳು ದಲಿತೆ, ಒಲೆಯ ಹತ್ತಿರ ಅವಳು ಹೆಂಗಸು ಅಂತ ಅವಳ ಮೈಯನ್ನು ಎರಡು ಭಾಗ ಮಾಡಕ್ಕಾಗುತ್ತ?

‘ನಮ್ಮ ಹೆಂಗಸರು ದುಡಿಯುವವರು, ನಮ್ಮಲ್ಲಿ ಈ ಸಮಸ್ಯೆ ಇಲ್ಲ, ಇದೆಲ್ಲ ಮೇಲ್ಜಾತಿ ಮನೆಗಳದು’ ಅನ್ನುವವರೂ ಇದ್ದಾರೆ. ದುಡೀತಾರೆ, ನಿಜ. ನಮ್ಮವ್ವ ಹೊಲದಲ್ಲಿ ಕಳೆ ಕಿತ್ತು ಬಂದು ಒಲೆ ಹಚ್ಚುತ್ತಿದ್ದಳು, ನಮ್ಮಪ್ಪ ಅದೇ ಹೊಲದಿಂದ ಬಂದು ಜಗುಲಿ ಮೇಲೆ ಬೀಡಿ ಹಚ್ಚುತ್ತಿದ್ದ. ಹೊಲದ ದುಡಿಮೆ ಇಬ್ಬರದೂ, ಮನೆ ದುಡಿಮೆ ಒಬ್ಬಳದು. ಸರ್ಕಾರವೇ 2019ರಲ್ಲಿ ದೇಶದ ಜನ ಹೊತ್ತು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ತೆತ್ತರೆ, ಮಾಡುವ ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. 100ಕ್ಕೆ 26 ಗಂಡಸರು ಮಾತ್ರ ಮಾಡ್ತಾರೆ. ಮಿಕ್ಕವರು ಏನು ಮಾಡ್ತಾರೆ? ಬಹುಶಃ ವಿಚಾರಗೋಷ್ಠಿ.

‘ಮನೆ ಗುಟ್ಟು ಬೀದಿಗೆ ತಂದು ಮೇಲ್ಜಾತಿಯವರು ಆಡಿಕೊಳ್ಳುವ ಹಾಗೆ ಮಾಡ್ತೀಯ’ ಅಂತಲೂ ಒಬ್ಬರು ಬೈದರು. ಆಡಿಕೊಳ್ಳುವವರು ಮೊದಲು ತಮ್ಮ ಮಡಿಕೋಲು ನೋಡಿಕೊಳ್ಳಲಿ. ವಿಧವೆಯ ತಲೆ ಬೋಳಿಸಿ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದು ಯಾರ ಮನೆಯಲ್ಲಿ? ಮನುಸ್ಮೃತಿ ನಮಗೆ ಯಜಮಾನರನ್ನು ಮಾಡಿದ್ದು ಹೇಗೋ, ಅವರ ಹೆಂಗಸರಿಗೂ ಯಜಮಾನರನ್ನು ಮಾಡಿತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅದನ್ನು ಸುಟ್ಟೆವು ಅಂತ ಎದೆ ತಟ್ಟಿಕೊಳ್ತೀವಿ. ಒಂದು ಪ್ರತಿ ಸುಡದೆ ನಮ್ಮ ನಮ್ಮ ಅಡುಗೆಮನೆಯಲ್ಲಿ ಉಳಿದುಹೋಗಿದೆ ಅಂತ ಮಾತ್ರ ನಾನು ಹೇಳ್ತಿರೋದು. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಅಂದರೆ ಇದೇ: ಮೆಟ್ಟಿಲ ಮೇಲೆ ನಿಂತ ಪ್ರತಿಯೊಬ್ಬನಿಗೂ ತುಳಿಯೋದಕ್ಕೆ ಕೆಳಗೊಂದು ತಲೆ ಬೇಕು. ಊರಲ್ಲಿ ಕೊನೆಯ ಮೆಟ್ಟಿಲ ಮೇಲೆ ನಿಂತವನು ಮನೆಗೆ ಬಂದು ಇನ್ನೊಂದು ಮೆಟ್ಟಿಲು ಕಟ್ಟಿಕೊಳ್ತಾನೆ.

ಚಹಾದ ಅಂಗಡಿಯಲ್ಲಿ ಕೂತು ನೋಡಿ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕಾಸಿಲ್ಲದ ಪ್ರಯಾಣ ಶುರುವಾಯಿತು. ಆವತ್ತಿನಿಂದ ಎಷ್ಟು ಜೋಕು! ‘ಫ್ರೀ ಅಂತ ತಿರುಗಕ್ಕೆ ಹೊರಟವ್ರೆ’ ಅಂತ ನಮ್ಮ ಹುಡುಗರೇ ನಗ್ತಾರೆ. ನಮಗೆ ವಿದ್ಯಾರ್ಥಿವೇತನ ಬಂದಾಗ, ಹಾಸ್ಟೆಲಿನ ಊಟ ಬಂದಾಗ ಸಹಪಾಠಿಗಳು ಅಂದದ್ದೂ ಇದೇ ಪದ ತಾನೆ? ಆಗ ಕಿವಿಗೆ ಕಾದ ಸೀಸ ಹುಯ್ದ ಹಾಗಾಗಿತ್ತು. ಈಗ ಅದೇ ಪದ ನಮ್ಮ ನಾಲಿಗೆಗೆ ಸಿಹಿ.

ಈಚೆಗೆ ನಾನು ಪಾತ್ರೆ ಉಜ್ಜೋದು, ಬಟ್ಟೆ ಹಿಂಡೋದು ಮಾಡ್ತಿದ್ದೇನೆ. ಅವ್ವ ಕಣ್ಣೀರು ಹಾಕಿದಳು, ‘ಮೇಷ್ಟ್ರಾಗಿ ಮುಸುರೆ ಉಜ್ತೀಯಲ್ಲೋ’ ಅಂತ. ಮೇಷ್ಟ್ರಾಗುವಷ್ಟು ಓದಿದವಳೂ ಇದೇ ಮುಸುರೆ ಉಜ್ಜಿದಾಗ ಅವ್ವನಿಗೆ ಕಣ್ಣೀರು ಬರಲಿಲ್ಲ. ಗೆಳೆಯರು ‘ಹೆಂಡ್ತಿ ಗುಲಾಮ’ ಅಂತ ನಕ್ಕರು. ಗುಲಾಮ ಅನ್ನೋ ಪದದ ಭಾರ ನಮಗಿಂತ ಯಾರಿಗೆ ಗೊತ್ತು? ಅದನ್ನು ತಲೆತಲಾಂತರ ಬೆನ್ನ ಮೇಲೆ ಹೊತ್ತವರ ಮಕ್ಕಳು, ತಾನು ಉಂಡ ತಟ್ಟೆ ತಾನು ತೊಳೆದವನಿಗೆ ಗುಲಾಮ ಅಂತಾರೆ!

ಇದನ್ನು ಬರೆದು ಅವಳಿಗೆ ಓದಿ ಹೇಳಿದೆ. ‘ಒಂದು ತಿಂಗಳು ಪಾತ್ರೆ ಉಜ್ಜಿ ಲೇಖನ ಬರೆದ್ರಿ. ನಾನು ನಾಲ್ಕು ವರ್ಷ ಉಜ್ಜಿದ್ದೀನಿ, ಎಷ್ಟು ಪುಸ್ತಕ ಬರೀಲಿ?’ ಅಂದಳು. ಆ ಮಾತನ್ನೂ ಇಲ್ಲಿ ಸೇರಿಸಿದ್ದೇನೆ, ಅದಿಲ್ಲದೆ ಈ ಲೇಖನ ಬರೀ ನನ್ನ ಬಡಾಯಿ ಆಗ್ತಿತ್ತು. ‘ರೀ’ ಬಿಡು, ನನ್ನನ್ನೂ ಏಕವಚನದಲ್ಲಿ ಕರಿ ಅಂದೆ. ‘ನಾಲಿಗೆ ಹೊರಳಲ್ಲ, ನೀವೇ ಬಹುವಚನಕ್ಕೆ ಬನ್ನಿ’ ಅಂದಳು. ಬರ್ತಿದ್ದೇನೆ. ದಿನಕ್ಕೆ ಹತ್ತು ಸಲ ಎಡವುತ್ತೇನೆ.

ಅವಳು ಮತ್ತೆ ಅರ್ಜಿ ಹಾಕ್ತಾಳೆ. ಪರೀಕ್ಷೆಯ ದಿನ ಮಗಳು ನನ್ನ ಕಂಕುಳಲ್ಲಿ. ಆವತ್ತೇ ಸಭೆ ಇಡಬೇಕು ಅಂದರೆ ಇಡಿ, ನಮ್ಮ ಮನೆಯಲ್ಲೇ ಇಡಿ. ಉಪ್ಪಿಟ್ಟು ನಾನು ಮಾಡ್ತೇನೆ, ಗಂಟಾದರೆ ಬೈಕೊಂಡು ತಿನ್ನಿ. ನಿಮ್ಮ ನಿಮ್ಮ ಮನೆಯವರನ್ನೂ ಕರೆತನ್ನಿ. ಚಾಪೆಯ ಮೇಲೆ ಅವರು ಕೂತು ಮಾತಾಡಲಿ, ನಾವು ಕೇಳೋಣ. ತಿಂದ ತಟ್ಟೆ ಮಾತ್ರ ಅವರವರೇ ತೊಳೆಯಬೇಕು. ಆ ತಟ್ಟೆ ತೊಳೆಯಲು ಕೈ ಏಳದವನು ಗೋಷ್ಠಿಯಲ್ಲಿ ಮೈಕು ಹಿಡಿಯೋದು ಬೇಡ.